ಬಿ ಫಾರಂ ಇಲ್ಲದ ದೇಶದಲ್ಲಿ ಟಿಕೆಟ್ ಕೊಡೋರು ಯಾರು?

ಅಮೆರಿಕದ ರಾಜಕೀಯ ರೀತಿನೀತಿಗಳ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಒಂದೇ ಅರ್ಥ ಬರುವ ಪತ್ರಗಳನ್ನು ಸೇರಿಸಿ ಒಂದೇ ಪ್ರಶ್ನೆ ಮಾಡಿದ್ದೇವೆ.

ಪ್ರಶ್ನೆ: ಚುನಾವಣೆ ಬಂದರೆ ನಮ್ಮಲ್ಲಿ ಬಿ ಫಾರಂ ಯಾರ ಕೈ ಸೇರಿತು ಅನ್ನುವುದೇ ದೊಡ್ಡ ಸುದ್ದಿ. ಅಮೆರಿಕದಲ್ಲಿ ಹೈಕಮಾಂಡ್ ಎಂಬುದೇ ಇಲ್ಲವಂತೆ. ಹಾಗಾದರೆ ಟಿಕೆಟ್ ಹಂಚುವವರು ಯಾರು? ಬಂಡಾಯ ಎದ್ದರೆ ಏನು ಮಾಡುತ್ತಾರೆ?
— ಪ್ರೌಢಶಾಲಾ ಶಿಕ್ಷಕಿ, ಗಂಗಾವತಿ

ಉತ್ತರ: ಟಿಕೆಟ್ ಹಂಚುವವರು ಮತದಾರರೇ. ನಮ್ಮಲ್ಲಿ ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಬಿ ಫಾರಂ ಚುನಾವಣಾಧಿಕಾರಿಯ ಮೇಜು ಮುಟ್ಟಬೇಕು. ಅದಕ್ಕೆ ಸಹಿ ಹಾಕುವ ಅಧಿಕಾರ ಯಾರಿಗಿದೆ ಎಂಬುದನ್ನು ಪಕ್ಷ ಎ ಫಾರಂನಲ್ಲಿ ತಿಳಿಸಿರಬೇಕು. ಆ ಒಂದು ಸಹಿಯ ಹಿಂದೆ ಇಡೀ ಪಕ್ಷದ ಅಧಿಕಾರ ಕೂತಿರುತ್ತದೆ. ಅಮೆರಿಕದಲ್ಲಿ ಇಂಥ ಸಹಿಯೇ ಇಲ್ಲ. ನವೆಂಬರ್ ಚುನಾವಣೆಗೆ ಕೆಲವು ತಿಂಗಳ ಮೊದಲು ಪ್ರೈಮರಿ ಎಂಬ ಒಳಚುನಾವಣೆ ನಡೆಯುತ್ತದೆ. ಬಹುತೇಕ ಕಡೆ ಅದನ್ನು ನಡೆಸುವುದು ಸರ್ಕಾರವೇ, ಮತಗಟ್ಟೆ, ಮತಪತ್ರ, ಸಿಬ್ಬಂದಿ ಎಲ್ಲ ಸರ್ಕಾರದ್ದು. ರಿಪಬ್ಲಿಕನ್ ಟಿಕೆಟ್ ಬೇಕೆನ್ನುವ ಐದು ಜನ ಅಲ್ಲಿ ತಮ್ಮತಮ್ಮಲ್ಲೇ ಸ್ಪರ್ಧಿಸುತ್ತಾರೆ, ಗೆದ್ದವರೇ ಪಕ್ಷದ ಅಭ್ಯರ್ಥಿ. ಪಕ್ಷದ ಅಧ್ಯಕ್ಷರಿಗೆ ಆ ಮನುಷ್ಯ ಹಿಡಿಸದಿದ್ದರೂ ತಡೆಯಲಾಗದು.

ಪಕ್ಷದ ಸದಸ್ಯತ್ವ ಎಂದರೂ ಅಲ್ಲಿ ಚೀಟಿ ಹರಿಸುವುದಿಲ್ಲ, ವಂತಿಗೆ ಕಟ್ಟುವುದಿಲ್ಲ. ಮತದಾರರ ನೋಂದಣಿ ಅರ್ಜಿಯಲ್ಲಿ ಪಕ್ಷದ ಹೆಸರಿನ ಮುಂದೆ ಗುರುತು ಹಾಕಿದರೆ ಮುಗಿಯಿತು. ಕೆಲವು ರಾಜ್ಯಗಳಲ್ಲಿ ಹಾಗೆ ಗುರುತು ಹಾಕಿದವರಿಗೆ ಮಾತ್ರ ಆ ಪಕ್ಷದ ಪ್ರೈಮರಿಯಲ್ಲಿ ಮತ. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಆ ಗುರುತೂ ಬೇಡ, ಮತಗಟ್ಟೆಗೆ ಹೋದ ದಿನ ಯಾವ ಪಕ್ಷದ ಮತಪತ್ರ ಬೇಕೆಂದು ಕೇಳಿ ಪಡೆಯಬಹುದು.

ಇದರ ಪೆಟ್ಟು ದೊಡ್ಡವರಿಗೂ ಬಿದ್ದಿದೆ. 2014ರಲ್ಲಿ ಕೆಳಮನೆಯ ಬಹುಮತ ಪಕ್ಷದ ನಾಯಕರಾಗಿದ್ದ ಎರಿಕ್ ಕ್ಯಾಂಟರ್ ವರ್ಜೀನಿಯಾದ ಪ್ರೈಮರಿಯಲ್ಲಿ ಕಾಲೇಜು ಪ್ರಾಧ್ಯಾಪಕರೊಬ್ಬರ ಎದುರು ಸೋತರು. 2018ರಲ್ಲಿ ನ್ಯೂಯಾರ್ಕಿನಲ್ಲಿ ಡೆಮಾಕ್ರಟಿಕ್ ಪಕ್ಷದ ಹಿರಿಯ ಜೋ ಕ್ರೌಲಿ ಅವರನ್ನು 28 ವರ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ಸೋಲಿಸಿದರು. ನಮ್ಮಲ್ಲಿ ಒಬ್ಬ ಹಾಲಿ ಮಂತ್ರಿಗೆ ಟಿಕೆಟ್ ತಪ್ಪಬೇಕಾದರೆ ದೆಹಲಿಯಲ್ಲಿ ತಪ್ಪಬೇಕು. ಅಲ್ಲಿ ಅವರವರ ಊರಿನಲ್ಲೇ ತಪ್ಪುತ್ತದೆ.

ಬಂಡಾಯದ ವಿಷಯ. ಪ್ರೈಮರಿಯಲ್ಲಿ ಸೋತವರು ಅದೇ ಚುನಾವಣೆಗೆ ಪಕ್ಷೇತರರಾಗಿ ನಿಲ್ಲದಂತೆ ಹೆಚ್ಚಿನ ರಾಜ್ಯಗಳಲ್ಲಿ ಕಾನೂನೇ ಇದೆ. ಉಳಿಯುವುದು ಒಂದು ಕಿಟಕಿ ಮಾತ್ರ: ಅನೇಕ ರಾಜ್ಯಗಳ ಮತಪತ್ರದಲ್ಲಿ ಖಾಲಿ ಗೆರೆಯೊಂದಿರುತ್ತದೆ, ಮತದಾರರು ಅಲ್ಲಿ ತಮಗೆ ಬೇಕಾದವರ ಹೆಸರನ್ನು ಕೈಯಿಂದ ಬರೆಯಬಹುದು. 2010ರಲ್ಲಿ ಅಲಾಸ್ಕಾದ ಲೀಸಾ ಮರ್ಕೌಸ್ಕಿ ಪ್ರೈಮರಿಯಲ್ಲಿ ಸೋತ ಮೇಲೆ ಹೀಗೆ ಹೆಸರು ಬರೆಸಿಕೊಂಡೇ ಗೆದ್ದು ಮೇಲ್ಮನೆಯಾದ ಸೆನೆಟ್‌ಗೆ ಮರಳಿದರು. ಅವರದು ಬರೆಯಲು ತೊಡಕಿನ ಹೆಸರು. ಹಾಗಾಗಿ ಪ್ರಚಾರದಲ್ಲಿ ಕಾಗುಣಿತವನ್ನೂ ಕಲಿಸಬೇಕಾಯಿತು.

ಗೆದ್ದ ಮೇಲಿನ ಕಥೆಯೂ ಬೇರೆ. ನಮ್ಮಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾನೂನು, ಅಂದರೆ ಸಂವಿಧಾನದ 10ನೇ ಪರಿಚ್ಛೇದ ಇದೆ. ವಿಪ್ ಮೀರಿದರೆ ಸ್ಥಾನ ಹೋಗುತ್ತದೆ. 2019ರಲ್ಲಿ ಸ್ಪೀಕರ್ 17 ಶಾಸಕರನ್ನು ಅನರ್ಹಗೊಳಿಸಿದ್ದು, ಆ ಸರಣಿಯಲ್ಲೇ 2021ರಲ್ಲಿ ಮಸ್ಕಿಗೆ ಉಪಚುನಾವಣೆ ಬಂದದ್ದು ನಿಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ ವಿಪ್ ಎಂಬ ಹುದ್ದೆ ಇದೆ, ಆದರೆ ಅವರ ಮಾತಿಗೆ ಕಾನೂನಿನ ಬಲವಿಲ್ಲ. 2017ರ ಜುಲೈ 28ರ ನಸುಕಿನಲ್ಲಿ ಒಬಾಮ ಕಾಲದ ಆರೋಗ್ಯ ವಿಮೆ ಕಾನೂನಿನ ಮುಖ್ಯ ಭಾಗಗಳನ್ನು ಕೀಳುವ ಮಸೂದೆ ಸೆನೆಟ್‌ಗೆ ಬಂದಾಗ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಸ್ವಂತ ಪಕ್ಷದ ವಿರುದ್ಧವೇ ಹೆಬ್ಬೆರಳು ಕೆಳಗೆ ಮಾಡಿದರು. 49–51ರಲ್ಲಿ ಮಸೂದೆ ಬಿತ್ತು, ಅವರ ಕುರ್ಚಿ ಅಲುಗಲಿಲ್ಲ. 2001ರಲ್ಲಿ ಜಿಮ್ ಜೆಫರ್ಡ್ಸ್ ಎಂಬ ಒಬ್ಬ ಸೆನೆಟರ್ ಪಕ್ಷ ಬಿಟ್ಟು ಪಕ್ಷೇತರರಾದರು, ಅಷ್ಟಕ್ಕೇ ಇಡೀ ಸೆನೆಟ್‌ನ ಬಹುಮತ ಆಚೆ ಪಕ್ಷಕ್ಕೆ ಹೋಯಿತು. ಅನರ್ಹತೆಯ ಮಾತೇ ಏಳಲಿಲ್ಲ. ಅಲ್ಲಿನವರ ಲೆಕ್ಕದಲ್ಲಿ ಜನ ಆರಿಸಿದ್ದು ವ್ಯಕ್ತಿಯನ್ನು, ಪಕ್ಷದ ಚಿಹ್ನೆಯನ್ನಲ್ಲ.

ಇದನ್ನು ಓದಿ ‘ನಮಗೂ ಹೀಗೇ ಬೇಕು’ ಅನ್ನುವ ಮೊದಲು ಎಲ್ಲಿ ಕೆಡುತ್ತದೆ ಎಂಬುದನ್ನೂ ನೋಡಬೇಕು. ಪ್ರೈಮರಿಗೆ ಬರುವ ಮತದಾರರು ಕಡಿಮೆ, ಬರುವವರು ಕಟ್ಟಾ ಪಕ್ಷಾಭಿಮಾನಿಗಳು. ಅವರನ್ನು ಒಲಿಸಲು ಅಭ್ಯರ್ಥಿ ಅತಿರೇಕಕ್ಕೆ ವಾಲುತ್ತಾರೆ, ಎದುರು ಪಕ್ಷದ ಜತೆ ಕೈಕುಲುಕಿದರೆ ಮುಂದಿನ ಪ್ರೈಮರಿಯಲ್ಲಿ ಪೆಟ್ಟು ತಿನ್ನುತ್ತಾರೆ. ಇನ್ನು ದುಡ್ಡು. ಟಿಕೆಟ್ ಕೊಡಿಸುವ ಪಕ್ಷವಿಲ್ಲದ ಮೇಲೆ ಪ್ರಚಾರದ ಹಣವನ್ನೂ ತಾವೇ ಕೂಡಿಸಬೇಕು. ನಮ್ಮಲ್ಲಿ ಅಭ್ಯರ್ಥಿಯ ಖರ್ಚಿಗೆ ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ ರೂಪಾಯಿ ಮಿತಿ ಇದೆ, ಕಾಗದದ ಮೇಲಾದರೂ ಇದೆ. ಅಮೆರಿಕದಲ್ಲಿ ಅಭ್ಯರ್ಥಿಯ ಖರ್ಚಿಗೆ ಮಿತಿ ಹಾಕುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು 1976ರಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಒಬ್ಬ ದಾನಿ ಒಬ್ಬ ಅಭ್ಯರ್ಥಿಗೆ ಕೊಡುವ ಹಣಕ್ಕೆ ಮಾತ್ರ ಮಿತಿ. 2010ರ ತೀರ್ಪಿನ ನಂತರ ಕಂಪನಿಗಳೂ ಸಂಘಗಳೂ ಅಭ್ಯರ್ಥಿಯ ಕೈಗೆ ಕೊಡದೆ, ಹೊರಗೆ ನಿಂತು ಎಷ್ಟು ಬೇಕಾದರೂ ಪ್ರಚಾರಕ್ಕೆ ಸುರಿಯಬಹುದು. ಅವರ ರಾಜಕಾರಣದ ಅತಿ ದೊಡ್ಡ ಹುಣ್ಣು ಇದೇ ಎಂದು ನಮ್ಮ ಅಭಿಪ್ರಾಯ.

ಪ್ರಶ್ನೆ: ಮೆಕ್ಕೆಜೋಳಕ್ಕೆ ಹಂದಿ ಕಾಟ ಅಂತ ಬೆಳೆ ರಕ್ಷಣೆ ಬಂದೂಕು ಇಟ್ಟುಕೊಂಡಿದ್ದೇನೆ. ಪ್ರತಿ ಚುನಾವಣೆಗೂ ಠಾಣೆಗೆ ಒಯ್ದು ಒಪ್ಪಿಸಬೇಕು. ಅಮೆರಿಕದಲ್ಲಿ ಹೀಗೆ ಕೇಳಿದರೆ ಜನ ಕೊಡುತ್ತಾರಾ?
— ರೈತ, ಸಂಡೂರು ತಾಲ್ಲೂಕು

ಉತ್ತರ: ಕೊಡುವುದಿಲ್ಲ. ಹಾಗೆ ಸಾರಾಸಗಟಾಗಿ ಕೇಳುವ ಅಧಿಕಾರವೂ ಅಲ್ಲಿನ ಪೊಲೀಸರಿಗಿಲ್ಲ.

1959ರ ನಮ್ಮ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಎಂಬುದು ಸರ್ಕಾರ ಕೊಡುವ ಅನುಮತಿ. ಅರ್ಜಿ, ಪೊಲೀಸ್ ವರದಿ, ಕಾರಣ, ಆಮೇಲೆ ಲೈಸೆನ್ಸ್, ಐದು ವರ್ಷಕ್ಕೊಮ್ಮೆ ನವೀಕರಣ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಕೊಟ್ಟವರು ಚುನಾವಣೆ ಕಾಲದಲ್ಲಿ ವಾಪಸ್ ಕೇಳುವುದು ಆ ಲೆಕ್ಕಕ್ಕೆ ಸರಿಯೇ. (ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಯಿಂದ ವಿನಾಯಿತಿ ಕೇಳಲು ಅವಕಾಶವಿದೆ. ಬೆಳೆ ಕಾಳು ಕಟ್ಟುವ ಹಂತದಲ್ಲಿದ್ದರೆ ಪಹಣಿ, ಲೈಸೆನ್ಸ್ ಪ್ರತಿ ಇಟ್ಟು ಅರ್ಜಿ ಕೊಡಿ. ಠೇವಣಿ ಇಟ್ಟರೆ ರಸೀದಿ ಜೋಪಾನ, ಅದಿಲ್ಲದೆ ಬಂದೂಕು ವಾಪಸ್ ಪಡೆಯಲು ಅಲೆದಾಟ ಆಗುತ್ತದೆ.)

ಅಮೆರಿಕದಲ್ಲಿ ಬಂದೂಕು 1791ರ ಎರಡನೇ ತಿದ್ದುಪಡಿಯಿಂದ ಬಂದ ಹಕ್ಕು. ಆತ್ಮರಕ್ಷಣೆಗೆ ಮನೆಯಲ್ಲಿ ಕೈಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕೆಂದು 2008ರಲ್ಲಿ ಸುಪ್ರೀಂ ಕೋರ್ಟ್ ಒತ್ತಿ ಹೇಳಿತು. ಲೈಸೆನ್ಸ್ ಇರುವ ಅಂಗಡಿಯಲ್ಲಿ ಕೊಳ್ಳುವಾಗ 4473 ಸಂಖ್ಯೆಯ ಅರ್ಜಿ ತುಂಬಬೇಕು, ಅಂಗಡಿಯವರು ಅಪರಾಧ ದಾಖಲೆ ತಪಾಸಣೆಗೆ ಕಳಿಸುತ್ತಾರೆ, ಎಷ್ಟೋ ಸಲ ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ರೈಫಲ್‌ಗೆ 18, ಕೈಬಂದೂಕಿಗೆ 21 ವರ್ಷ ಆಗಿರಬೇಕು. ಆದರೆ ಅಂಗಡಿಯವನಲ್ಲದ ಒಬ್ಬ ಇನ್ನೊಬ್ಬನಿಗೆ ಮಾರಿದರೆ ಈ ತಪಾಸಣೆ ಬೇಕೆಂದು ಕೇಂದ್ರ ಕಾನೂನು ಹೇಳುವುದಿಲ್ಲ. ಕೆಲವು ರಾಜ್ಯಗಳಷ್ಟೇ ಈ ತೂತು ಮುಚ್ಚಿವೆ.

ಇಷ್ಟು ಹಟ ಯಾಕೆ? ದೊರೆಯ ಸೈನ್ಯದ ಎದುರು ಬಂದೂಕು ಹಿಡಿದು ಗೆದ್ದು ಹುಟ್ಟಿದ ದೇಶ ಅದು. ಮುಂದೆಂದಾದರೂ ಸರ್ಕಾರವೇ ದೊರೆಯಂತೆ ಆದರೆ ಎಂಬ ಅಂಜಿಕೆ ಅವರ ಸಂವಿಧಾನದ ಉದ್ದಕ್ಕೂ ಹರಿದಿದೆ. 2017ರ ಅಂದಾಜಿನಂತೆ ಅಲ್ಲಿ 100 ಜನರಿಗೆ 120 ಬಂದೂಕುಗಳಿವೆ. 2021ರಲ್ಲಿ ಗುಂಡೇಟಿನಿಂದ ಸತ್ತವರು 48,830 ಮಂದಿ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಅದೇ ಆಸ್ಟ್ರೇಲಿಯಾದಲ್ಲಿ 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದಾಗ, ಕೆಲವೇ ವಾರದಲ್ಲಿ ಕಾನೂನು ಬಿಗಿಯಾಯಿತು, ಸರ್ಕಾರ ದುಡ್ಡು ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕು ವಾಪಸ್ ಪಡೆಯಿತು. ಅಲ್ಲಿಯೂ ರೈತರಿದ್ದಾರೆ, ಬೇಟೆಗಾರರಿದ್ದಾರೆ. ಆದರೆ ಬಂದೂಕು ಅವರಿಗೆ ಕೆಲಸದ ಸಾಮಾನು. ಅಮೆರಿಕದಲ್ಲಿ ಅದು ಸ್ವಾತಂತ್ರ್ಯದ ಗುರುತು, ಅದಕ್ಕೇ ಅಂಕಿಅಂಶ ಎಷ್ಟು ಮುಂದಿಟ್ಟರೂ ವಾದ ಮುಗಿಯುವುದಿಲ್ಲ.

ಪ್ರಶ್ನೆ: ನಮ್ಮ ಕಲ್ಯಾಣ ಕರ್ನಾಟಕಕ್ಕೆ 371(ಜೆ) ಇದೆ. ಅಮೆರಿಕದಲ್ಲಿ ಹಿಂದುಳಿದ ಪ್ರದೇಶಕ್ಕೆ ಇಂಥ ಮೀಸಲಾತಿ ಇದೆಯೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ರಾಯಚೂರು

ಉತ್ತರ: ಆ ಹೆಸರಿನಲ್ಲಿ ಇಲ್ಲ. 371(ಜೆ) ಬಂದದ್ದು 98ನೇ ತಿದ್ದುಪಡಿಯಿಂದ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ಉಳಿದ ರಾಜ್ಯದ ಸಂಸ್ಥೆಗಳಲ್ಲಿ ಶೇ 8 ಸೀಟು ನಮ್ಮ ಮಕ್ಕಳಿಗೆ. ಇಲ್ಲಿನ ಸರ್ಕಾರಿ ನೌಕರಿಯಲ್ಲಿ ಸಿ ದರ್ಜೆಗೆ ಶೇ 80, ಡಿ ದರ್ಜೆಗೆ ಶೇ 85. ಒಂದು ಗುಂಪು ಅಥವಾ ಪ್ರದೇಶ ಹಿಂದುಳಿದಿದ್ದರೆ ಅದನ್ನು ಎತ್ತುವುದು ಸರ್ಕಾರದ ಕರ್ತವ್ಯ ಎಂದು ನಮ್ಮ ಸಂವಿಧಾನ ಬಾಯಿಬಿಟ್ಟು ಹೇಳುತ್ತದೆ.

ಅವರ 14ನೇ ತಿದ್ದುಪಡಿ 1868ರದ್ದು, ಕಾನೂನು ಎಲ್ಲರಿಗೂ ಸಮನಾದ ರಕ್ಷಣೆ ಕೊಡಬೇಕು ಎನ್ನುತ್ತದೆ. ಗುಲಾಮಗಿರಿಯಿಂದ ಹೊರಬಂದ ಕಪ್ಪು ಜನರಿಗಾಗಿಯೇ ಬರೆದ ಮಾತದು. ಆದರೆ ಕೋರ್ಟ್ ಈಗ ಅದನ್ನು ಓದುವುದು ಒಬ್ಬೊಬ್ಬ ವ್ಯಕ್ತಿಗೆ ಅನ್ವಯಿಸಿ. ಕಾಲೇಜು ಸೀಟಿನಲ್ಲಿ ಕೋಟಾ ಕೂಡದು ಎಂದು 1978ರಲ್ಲಿ ಹೇಳಿತು, 2023ರ ಜೂನ್ 29ರಂದು ಹಾರ್ವರ್ಡ್ ಪ್ರಕರಣದಲ್ಲಿ ಜನಾಂಗವನ್ನು ಪ್ರವೇಶದ ಅಂಶವಾಗಿ ಎಣಿಸುವುದಕ್ಕೂ ತಡೆ ಹಾಕಿತು. ಇಲ್ಲಿ ಒಂದು ಹೋಲಿಕೆ ನೆನಪಿಡಿ: 1951ರಲ್ಲಿ ಮದ್ರಾಸ್‌ನ ಸೀಟು ಹಂಚಿಕೆಯನ್ನು ನಮ್ಮ ಸುಪ್ರೀಂ ಕೋರ್ಟ್ ರದ್ದು ಮಾಡಿದಾಗ ಸಂಸತ್ತು ಅದೇ ವರ್ಷ ಮೊದಲ ತಿದ್ದುಪಡಿ ತಂದು 15(4) ಸೇರಿಸಿತು. ಅಮೆರಿಕದಲ್ಲಿ ಹಾಗೆ ಮಾಡಬೇಕಾದರೆ ಎರಡೂ ಸದನಗಳಲ್ಲಿ ಮೂರನೇ ಎರಡು, ಆಮೇಲೆ 50ರಲ್ಲಿ 38 ರಾಜ್ಯಗಳ ಒಪ್ಪಿಗೆ ಬೇಕು. 230ಕ್ಕೂ ಹೆಚ್ಚು ವರ್ಷದಲ್ಲಿ ಅವರ ತಿದ್ದುಪಡಿಗಳು 27 ಮಾತ್ರ. ನಮ್ಮವು 75 ವರ್ಷದಲ್ಲೇ 100 ದಾಟಿವೆ. ಅದಕ್ಕೇ ಅಲ್ಲಿ ಕೋರ್ಟಿನ ಒಂಬತ್ತು ಜನರ ಮಾತಿಗೆ ಅಷ್ಟು ತೂಕ, ಒಬ್ಬ ನ್ಯಾಯಮೂರ್ತಿಯ ನೇಮಕಕ್ಕೆ ಅಷ್ಟು ಜಗಳ.

ಆದರೆ ಪ್ರದೇಶಕ್ಕೆ ನ್ಯಾಯ ಕೊಡುವ ಕೆಲಸ ಬೇರೆ ಹೆಸರಿನಲ್ಲಿ ನಡೆಯುತ್ತದೆ. ಟೆಕ್ಸಾಸ್ 1997ರಲ್ಲಿ ಒಂದು ಕಾನೂನು ಮಾಡಿತು: ಪ್ರತಿ ಪ್ರೌಢಶಾಲೆಯಲ್ಲಿ ಮೊದಲ ಶೇ 10ರೊಳಗೆ ಬಂದವರಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಆಸ್ಟಿನ್ ಕ್ಯಾಂಪಸ್‌ಗೆ ನೂಕುನುಗ್ಗಲಾಗಿ ಅದೊಂದಕ್ಕೆ ಮಾತ್ರ ಆಮೇಲೆ ಮಿತಿ ಬಿಗಿಗೊಳಿಸಿದರು. ಇದನ್ನು ದೇವದುರ್ಗದ ಸರ್ಕಾರಿ ಶಾಲೆಗೂ ಬೆಂಗಳೂರಿನ ದುಬಾರಿ ಶಾಲೆಗೂ ಅನ್ವಯಿಸಿ ನೋಡಿ. ಎರಡೂ ಶಾಲೆಯ ಮೊದಲ ಹತ್ತು ಭಾಗಕ್ಕೆ ಒಂದೇ ಬಾಗಿಲು. ಜಾತಿ, ಜನಾಂಗ, ಜಿಲ್ಲೆ ಯಾವ ಮಾತೂ ಕಾನೂನಿನಲ್ಲಿಲ್ಲ, ಆದರೂ ಹಿಂದುಳಿದ ಕಡೆಯವರಿಗೆ ಪಾಲು ಸಿಗುತ್ತದೆ. ನಮ್ಮ ವಿಧಾನದ ಜತೆಗೇ ಇದನ್ನೂ ಯೋಚಿಸಬಹುದು ಅನ್ನಿಸುತ್ತದೆ. ಅಲ್ಲದೆ ರಾಜ್ಯ ವಿಶ್ವವಿದ್ಯಾಲಯಗಳು ತಮ್ಮ ರಾಜ್ಯದ ಮಕ್ಕಳಿಗೆ ಶುಲ್ಕ ಕಡಿಮೆ ಇಡುತ್ತವೆ. ಅಪಲೇಚಿಯಾ ಎಂಬ ಬಡ ಗುಡ್ಡಗಾಡಿಗೆ 1965ರಿಂದ ಪ್ರತ್ಯೇಕ ಆಯೋಗವಿದ್ದು, 13 ರಾಜ್ಯಗಳಲ್ಲಿ ರಸ್ತೆ, ನೀರು, ತರಬೇತಿಗೆ ಹಣ ಹಾಕುತ್ತದೆ. ನೌಕರಿಯ ಪಾಲು ಮಾತ್ರ ಇಲ್ಲ.

ಪ್ರಶ್ನೆ: 1999ರಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ಬರೂ ಹೊರಗಿನಿಂದ ಬಂದು ಬಳ್ಳಾರಿಯಲ್ಲಿ ನಿಂತರು. ಅಮೆರಿಕದಲ್ಲಿ ಹೀಗೆ ಸಾಧ್ಯವೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಬಳ್ಳಾರಿ

ಉತ್ತರ: ಕಾನೂನಿನ ಪ್ರಕಾರ ಅರ್ಧ ಸಾಧ್ಯ. ಗೆಲ್ಲುವ ಹೊತ್ತಿಗೆ ಆ ರಾಜ್ಯದ ನಿವಾಸಿ ಆಗಿರಬೇಕು ಎಂದು ಅವರ ಸಂವಿಧಾನ ಹೇಳುತ್ತದೆ. ಕ್ಷೇತ್ರದಲ್ಲೇ ಮನೆ ಇರಬೇಕೆಂದಿಲ್ಲ. ನಮ್ಮಲ್ಲಿ ದೇಶದ ಯಾವ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿದ್ದರೂ ಸಾಮಾನ್ಯವಾಗಿ ಎಲ್ಲಿಂದ ಬೇಕಾದರೂ ಲೋಕಸಭೆಗೆ ನಿಲ್ಲಬಹುದು, ರಾಜ್ಯಸಭೆಗೂ ಆ ರಾಜ್ಯದವರೇ ಆಗಿರಬೇಕೆಂಬ ನಿಯಮವನ್ನು 2003ರಲ್ಲಿ ತೆಗೆದರು. ಎರಡು ಕಡೆ ಒಟ್ಟಿಗೆ ನಿಲ್ಲಲೂ ಅವಕಾಶವಿದೆ. 1999ರಲ್ಲಿ ಸೋನಿಯಾ ಅವರು ಸುಮಾರು 56 ಸಾವಿರ ಮತಗಳಿಂದ ಬಳ್ಳಾರಿ ಗೆದ್ದರೂ ಅಮೇಠಿ ಉಳಿಸಿಕೊಂಡು ಇದನ್ನು ಬಿಟ್ಟರು, ಬಳ್ಳಾರಿಯವರು ಮತ್ತೆ ಸರದಿ ನಿಂತು ಮತ ಹಾಕಬೇಕಾಯಿತು.

ಕಾನೂನಿಗಿಂತ ಅಲ್ಲಿ ಜನರ ರೂಢಿ ಗಟ್ಟಿ. ಹೊರಗಿನಿಂದ ಬಂದವರನ್ನು ‘ಕಾರ್ಪೆಟ್‌ಬ್ಯಾಗರ್’ ಎಂದು ಹಳಿಯುತ್ತಾರೆ. 1861–65ರ ಅಂತರ್ಯುದ್ಧ ಮುಗಿದ ಮೇಲೆ ಜಮಖಾನೆ ಬಟ್ಟೆಯ ಚೀಲ ಹಿಡಿದು ಉತ್ತರದಿಂದ ದಕ್ಷಿಣಕ್ಕೆ ಬಂದು ಅಧಿಕಾರ ಹಿಡಿದವರಿಗೆ ದಕ್ಷಿಣದವರು ಇಟ್ಟ ಹೆಸರದು. 2000ದಲ್ಲಿ ಹಿಲರಿ ಕ್ಲಿಂಟನ್ ನ್ಯೂಯಾರ್ಕಿನಲ್ಲಿ ಮನೆ ಕೊಂಡು ಸೆನೆಟ್‌ಗೆ ನಿಂತಾಗ ಈ ಮಾತು ಕೇಳಬೇಕಾಯಿತು, ಆದರೂ ಗೆದ್ದರು. 2004ರಲ್ಲಿ ಮೇರಿಲ್ಯಾಂಡ್‌ನಿಂದ ಇಲಿನಾಯ್‌ಗೆ ಬಂದ ಅಲನ್ ಕೀಸ್ ಅವರನ್ನು ಬರಾಕ್ ಒಬಾಮ ಶೇ 70 ಮತ ಪಡೆದು ಸೋಲಿಸಿದರು. ಊರಿನ ರಸ್ತೆ, ಊರಿನ ಕಾರ್ಖಾನೆಗಾಗಿ ಅಧ್ಯಕ್ಷರ ಜತೆಗೂ ಜಗಳಕ್ಕೆ ನಿಲ್ಲುವವರೇ ಅಲ್ಲಿ ಒಳ್ಳೆಯ ಪ್ರತಿನಿಧಿ.

ಪ್ರಶ್ನೆ: ಕಡಿಮೆ ಮತ ಬಿದ್ದವರು ಅಧ್ಯಕ್ಷರಾಗುತ್ತಾರಂತೆ. ಇದೆಂಥ ಪ್ರಜಾಪ್ರಭುತ್ವ?
— ಪದವಿ ವಿದ್ಯಾರ್ಥಿನಿ, ಲಿಂಗಸುಗೂರು

ಉತ್ತರ: 2018ರ ನಮ್ಮ ವಿಧಾನಸಭೆ ನೋಡಿ. ಕಾಂಗ್ರೆಸ್‌ಗೆ ಶೇ 38 ಮತ, 80 ಸ್ಥಾನ. ಬಿಜೆಪಿಗೆ ಶೇ 36 ಮತ, 104 ಸ್ಥಾನ. ಮತ ಎಷ್ಟು ಅನ್ನುವುದಕ್ಕಿಂತ ಎಲ್ಲೆಲ್ಲಿ ಬಿತ್ತು ಅನ್ನುವುದು ಮುಖ್ಯವಾಯಿತು. ಅಮೆರಿಕದಲ್ಲಿ ಕ್ಷೇತ್ರದ ಜಾಗದಲ್ಲಿ ರಾಜ್ಯವನ್ನಿಡಿ. ಅಧ್ಯಕ್ಷರ ಆಯ್ಕೆಗೆಂದು ರಾಜ್ಯಗಳಿಗೆ ಹಂಚಿದ ‘ಎಲೆಕ್ಟೋರಲ್’ ಮತಗಳು ಒಟ್ಟು 538, 270 ಬಂದರೆ ಗೆಲುವು. 48 ರಾಜ್ಯಗಳಲ್ಲಿ ಜನರ ಒಂದೇ ಮತ ಮುಂದಿದ್ದರೂ ಆ ರಾಜ್ಯದ ಎಲ್ಲ ಎಲೆಕ್ಟೋರಲ್ ಮತ ಅವರಿಗೇ, ಮೇನ್ ಮತ್ತು ನೆಬ್ರಾಸ್ಕಾ ಮಾತ್ರ ಹಂಚುತ್ತವೆ. 2000ದಲ್ಲಿ ಫ್ಲಾರಿಡಾದ ಜನರ 537 ಮತಗಳ ಅಂತರವೇ ಇಡೀ ದೇಶದ ಫಲಿತಾಂಶ ತಿರುಗಿಸಿತು. 2016ರಲ್ಲಿ ಹಿಲರಿ ಅವರಿಗೆ ಸುಮಾರು 29 ಲಕ್ಷ ಮತ ಹೆಚ್ಚು ಬಿದ್ದರೂ ಟ್ರಂಪ್ 304–227ರಲ್ಲಿ ಗೆದ್ದರು. ಸಣ್ಣ ರಾಜ್ಯಗಳು ದೊಡ್ಡವುಗಳ ಅಡಿ ಸಿಗದಿರಲಿ ಎಂದು 1787ರಲ್ಲಿ ಮಾಡಿಕೊಂಡ ರಾಜಿಯ ಫಲ ಇದು. ಸೆನೆಟ್‌ನಲ್ಲಿ ಇನ್ನೂ ಎದ್ದು ಕಾಣುತ್ತದೆ: ಆರು ಲಕ್ಷ ಜನರೂ ಇಲ್ಲದ ವಯೋಮಿಂಗ್‌ಗೆ ಇಬ್ಬರು, ಸುಮಾರು 3.9 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಇಬ್ಬರೇ.

ಪ್ರಶ್ನೆ: ನಮ್ಮ ಹುಲಿಗೆಮ್ಮ ದೇವಸ್ಥಾನ ಮುಜರಾಯಿ ಇಲಾಖೆಯಲ್ಲಿದೆ, ಹುಂಡಿ ಎಣಿಕೆಗೂ ಅಧಿಕಾರಿಗಳು ಬರುತ್ತಾರೆ. ಅಮೆರಿಕದಲ್ಲಿ ಚರ್ಚು, ಗುಡಿಗಳನ್ನು ನೋಡಿಕೊಳ್ಳುವ ಇಲಾಖೆ ಯಾವುದು?
— ಅಂಗಡಿ ಮಾಲೀಕರು, ಮುನಿರಾಬಾದ್

ಉತ್ತರ: ಅಂಥ ಇಲಾಖೆಯೇ ಇಲ್ಲ. ಯಾವ ಧರ್ಮವನ್ನೂ ಸರ್ಕಾರದ ಧರ್ಮ ಮಾಡಬಾರದು, ಯಾರ ಆಚರಣೆಗೂ ಅಡ್ಡಿ ಬರಬಾರದು ಎಂದು ಅವರ ಮೊದಲ ತಿದ್ದುಪಡಿ ಹೇಳುತ್ತದೆ. ಹಾಗಾಗಿ ಅರ್ಚಕರ ನೇಮಕ, ಕಾರ್ಯನಿರ್ವಾಹಕ ಅಧಿಕಾರಿ, ಹುಂಡಿ ಎಣಿಕೆ ಯಾವುದಕ್ಕೂ ಸರ್ಕಾರ ಕೈ ಹಾಕುವಂತಿಲ್ಲ. ನಮ್ಮವರು ಅಲ್ಲಿ ಕಟ್ಟಿದ ಗುಡಿಗಳೂ ಲಾಭರಹಿತ ಸಂಸ್ಥೆಗಳಾಗಿ ನೋಂದಣಿಯಾಗುತ್ತವೆ, ಭಕ್ತರ ಟ್ರಸ್ಟ್ ನಡೆಸುತ್ತದೆ, ಕಾಣಿಕೆಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ. ಟ್ರಸ್ಟಿನೊಳಗೆ ಜಗಳ ಬಿದ್ದರೆ ಕೋರ್ಟಿಗೆ ಹೋಗಬೇಕು, ತಹಶೀಲ್ದಾರರ ಬಳಿ ಹೋಗಿ ಕೂರುವ ದಾರಿಯಿಲ್ಲ.

ಸರ್ಕಾರ ದೂರವಿದೆ ಎಂದು ದೇವರು ರಾಜಕಾರಣದಿಂದ ದೂರವಿದ್ದಾನೆ ಎಂದುಕೊಳ್ಳಬೇಡಿ. ‘ದೇವರಲ್ಲಿ ನಮ್ಮ ನಂಬಿಕೆ’ ಎಂಬುದು 1956ರಿಂದ ಅವರ ಅಧಿಕೃತ ಧ್ಯೇಯವಾಕ್ಯ, ನೋಟಿನ ಮೇಲೂ ಇದೆ. ಅಧ್ಯಕ್ಷರು ಭಾಷಣದ ಕೊನೆಗೆ ದೇವರನ್ನು ನೆನೆಯುತ್ತಾರೆ. ಆದರೆ ಸರ್ಕಾರಿ ಶಾಲೆಯಲ್ಲಿ ಶಾಲೆಯೇ ಪ್ರಾರ್ಥನೆ ಹೇಳಿಸುವಂತಿಲ್ಲ, 1962ರ ತೀರ್ಪು. ವಿದ್ಯಾರ್ಥಿ ತಾನಾಗಿ ಕಣ್ಮುಚ್ಚಿ ಪ್ರಾರ್ಥಿಸಿದರೆ ತಡೆಯುವಂತೆಯೂ ಇಲ್ಲ. ಫ್ರಾನ್ಸ್ ಇದಕ್ಕೆ ಉಲ್ಟಾ: 2004ರ ಕಾನೂನಿನಂತೆ ಸರ್ಕಾರಿ ಶಾಲೆಗೆ ಎದ್ದು ಕಾಣುವ ಧಾರ್ಮಿಕ ಗುರುತು ಧರಿಸಿ ಬರುವಂತಿಲ್ಲ. ಬ್ರಿಟನ್ನಿನಲ್ಲಿ ದೊರೆಯೇ ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥ, ಮೇಲ್ಮನೆಯಲ್ಲಿ 26 ಬಿಷಪ್‌ಗಳಿಗೆ ಸ್ಥಾನವಿದೆ, ಆದರೂ ಅಲ್ಲಿನ ರಾಜಕಾರಣಿಗಳು ದೇವರ ಹೆಸರೆತ್ತುವುದು ಅಪರೂಪ. ಸರ್ಕಾರದ ಸಂಬಳವಿಲ್ಲದ ಕಾರಣ ಅಮೆರಿಕದ ಚರ್ಚುಗಳು ಭಕ್ತರನ್ನು ತಾವೇ ಹುಡುಕಿಕೊಳ್ಳಬೇಕಾಯಿತು, ಆ ಓಡಾಟದಲ್ಲೇ ಗಟ್ಟಿಯಾದವು ಎಂಬ ವಿವರಣೆ ನಮಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಪ್ರಶ್ನೆ: ಅಷ್ಟು ಶ್ರೀಮಂತ ದೇಶದಲ್ಲಿ ಸರ್ಕಾರ ಎಲ್ಲರಿಗೂ ಆಸ್ಪತ್ರೆ ಖರ್ಚು ಕೊಡುವುದಿಲ್ಲವೇಕೆ? ಮಗಳ ಬಾಣಂತನಕ್ಕೆ ಹೋಗುವವರಿದ್ದೇವೆ, ಏನು ಎಚ್ಚರ ವಹಿಸಬೇಕು?
— ದಂಪತಿ, ಮಾನ್ವಿ

ಉತ್ತರ: ಎರಡನೇ ಮಹಾಯುದ್ಧದ ಕಾಲದಲ್ಲಿ ಸಂಬಳ ಏರಿಸಲು ಸರ್ಕಾರದ ತಡೆ ಇತ್ತು. ಕೆಲಸಗಾರರನ್ನು ಹಿಡಿದಿಡಲು ಕಂಪನಿಗಳು ಆರೋಗ್ಯ ವಿಮೆ ಕೊಡತೊಡಗಿದವು, ಅದಕ್ಕೆ ತೆರಿಗೆ ವಿನಾಯಿತಿಯೂ ಸಿಕ್ಕಿತು. ಹಾಗೆ ವಿಮೆ ನೌಕರಿಗೆ ಅಂಟಿಕೊಂಡಿತು. ಬ್ರಿಟನ್ 1948ರಲ್ಲಿ ಎಲ್ಲರಿಗೂ ಉಚಿತ ಚಿಕಿತ್ಸೆ ತಂದಾಗ ಅಮೆರಿಕದ ನೌಕರಿದಾರರಿಗೆ ಅದರ ಅಗತ್ಯ ಕಾಣಲಿಲ್ಲ. 1965ರಲ್ಲಿ 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್, 2010ರಲ್ಲಿ ಒಬಾಮ ಕಾನೂನು ಬಂದವು. ಆದರೂ 2023ರಲ್ಲಿ ಸುಮಾರು 2.6 ಕೋಟಿ ಜನರಿಗೆ ವಿಮೆ ಇರಲಿಲ್ಲ. ಇದರ ಹಿಂದೆ ಮನೋಭಾವವೂ ಇದೆ. ‘ಸರ್ಕಾರದ ಅಡ್ಡಿಯಿಲ್ಲದೆ ಬದುಕುವ ಸ್ವಾತಂತ್ರ್ಯ ಮುಖ್ಯವೋ, ಯಾರೂ ಕೊರತೆಯಲ್ಲಿ ಇರದಂತೆ ಸರ್ಕಾರ ನೋಡಿಕೊಳ್ಳುವುದು ಮುಖ್ಯವೋ’ ಎಂದು 2011ರಲ್ಲಿ ಪ್ಯೂ ಎಂಬ ಸಮೀಕ್ಷಾ ಸಂಸ್ಥೆ ಕೇಳಿದಾಗ ಶೇ 58 ಅಮೆರಿಕನ್ನರು ಮೊದಲನೆಯದನ್ನು, ಶೇ 35 ಎರಡನೆಯದನ್ನು ಆರಿಸಿದರು. ಬ್ರಿಟನ್, ಜರ್ಮನಿ, ಫ್ರಾನ್ಸ್, ಸ್ಪೇನ್‌ಗಳಲ್ಲಿ ಉತ್ತರ ತಲೆಕೆಳಗಾಗಿತ್ತು.

ನಿಮ್ಮ ಎಚ್ಚರಿಕೆಗೆ: ಆಯುಷ್ಮಾನ್ ಕಾರ್ಡ್ ಅಲ್ಲಿ ನಡೆಯುವುದಿಲ್ಲ. ಹೊರಡುವ ಮೊದಲೇ ಪ್ರವಾಸಿಗರ ವಿಮೆ ಮಾಡಿಸಿ. ಅಗ್ಗದ ಪಾಲಿಸಿಗಳು ಒಂದೊಂದು ಚಿಕಿತ್ಸೆಗೆ ಇಷ್ಟೇ ಡಾಲರ್ ಎಂದು ಕಟ್ಟು ಹಾಕಿರುತ್ತವೆ, ಆಸ್ಪತ್ರೆ ಬಿಲ್ ಅದರ ಹತ್ತು ಪಟ್ಟಾದರೆ ಉಳಿದದ್ದು ನಿಮ್ಮ ತಲೆ ಮೇಲೆ. ಪೂರ್ಣ ಪ್ರಮಾಣದ ಪಾಲಿಸಿ ದುಬಾರಿಯಾದರೂ ಅದೇ ವಾಸಿ. ಸಕ್ಕರೆ ಕಾಯಿಲೆ, ಬಿಪಿ ಮೊದಲೇ ಇದ್ದರೆ ಹೆಚ್ಚಿನ ಪಾಲಿಸಿಗಳು ಅದರ ಚಿಕಿತ್ಸೆಗೆ ದುಡ್ಡು ಕೊಡುವುದಿಲ್ಲ, ಹಠಾತ್ ಉಲ್ಬಣಗೊಂಡರೆ ಮಾತ್ರ ಕೊಡುವ ಕಲಮು ಇದೆಯೇ ಎಂದು ಓದಿ. ಇದ್ದರೂ 70 ವರ್ಷದಂಥ ವಯೋಮಿತಿ ಇರುತ್ತದೆ. ಮಾತ್ರೆಗಳನ್ನು ಡಾಕ್ಟರ ಚೀಟಿ ಸಮೇತ ಇಲ್ಲಿಂದಲೇ ಒಯ್ಯಿರಿ. ಜೀವಕ್ಕೆ ಅಪಾಯವಾದಾಗ ತುರ್ತು ವಿಭಾಗದವರು ದುಡ್ಡು ಕೇಳಿ ಬಾಗಿಲು ಮುಚ್ಚುವಂತಿಲ್ಲ, 1986ರ ಕಾನೂನು ಹಾಗಿದೆ. ಬಿಲ್ ಆಮೇಲೆ ಬಂದೇ ಬರುತ್ತದೆ. ಬಂದರೆ ಬಾಬ್ತುವಾರು ಪಟ್ಟಿ ಕೇಳಿ ಪಡೆಯಿರಿ, ಅನೇಕ ಆಸ್ಪತ್ರೆಗಳು ಚೌಕಾಸಿಗೂ ಕಂತಿಗೂ ಒಪ್ಪುತ್ತವೆ.

ಪ್ರಶ್ನೆ: ಅಮೆರಿಕ ಸರ್ಕಾರ ‘ಬಂದ್’ ಆಗುತ್ತದಲ್ಲ, ನೌಕರರ ಸಂಬಳದ ಗತಿ?
— ಸರ್ಕಾರಿ ನೌಕರ, ಕುಷ್ಟಗಿ

ಉತ್ತರ: ಬಜೆಟ್‌ಗೆ ಒಪ್ಪಿಗೆ ಸಿಗದಿದ್ದರೆ ನಮ್ಮಲ್ಲಿ ಸರ್ಕಾರವೇ ಬೀಳುತ್ತದೆ. ಅಲ್ಲಿ ಅಧ್ಯಕ್ಷರು ಬೀಳುವುದಿಲ್ಲ, ಕಚೇರಿ ಮುಚ್ಚುತ್ತವೆ. 2018–19ರಲ್ಲಿ 35 ದಿನ, 2025ರಲ್ಲಿ 43 ದಿನ ಹಾಗಾಯಿತು. ಸೈನಿಕರು, ವಿಮಾನ ನಿಲ್ದಾಣದ ಸಿಬ್ಬಂದಿಯಂಥವರು ಸಂಬಳವಿಲ್ಲದೆ ಕೆಲಸಕ್ಕೆ ಬರಬೇಕು. ಬಾಕಿ ಸಂಬಳ ಆಮೇಲೆ ಕೊಡಬೇಕೆಂದು 2019ರಲ್ಲಿ ಕಾನೂನಾಗಿದೆ. ಗುತ್ತಿಗೆ ನೌಕರರಿಗೆ ಆ ರಕ್ಷಣೆ ಇಲ್ಲ.

ಪ್ರಶ್ನೆ: ನಮ್ಮ ಮಗ ಟೆಕ್ಸಾಸ್‌ನಾಗ ಅದಾನ್ರಿ, ಗ್ರೀನ್ ಕಾರ್ಡ್ ಬಂದದ. ಡ್ರೈವಿಂಗ್ ಲೈಸೆನ್ಸ್ ಮಾಡಸಾಕ ಹೋದಾಗ ವೋಟರ್ ಲಿಸ್ಟಿಗೆ ಹೆಸರು ಸೇರಸ್ತೀರೇನು ಅಂತ ಕೇಳಿದ್ರಂತ, ಹೂಂ ಅಂದು ಬಂದಾನ. ಇದರಿಂದ ಏನರ ತೊಂದ್ರಿ ಆಗತದೇನ್ರಿ?
— ತಂದೆ, ಸಿಂಧನೂರು

ಉತ್ತರ: ಆಗುವ ಸಾಧ್ಯತೆ ಇದೆ, ಇವತ್ತೇ ಮಗನಿಗೆ ಫೋನ್ ಮಾಡಿ. ನಮ್ಮಲ್ಲಿ ಬಿಎಲ್‌ಒ ಮನೆಗೇ ಬಂದು ಹೆಸರು ಬರೆದುಕೊಳ್ಳುತ್ತಾರೆ. ಅಲ್ಲಿ ಮತದಾರರ ಪಟ್ಟಿಗೆ ಸೇರುವುದು ಸಾಮಾನ್ಯವಾಗಿ ಅವರವರ ಹೊಣೆ. ಅದನ್ನು ಸುಲಭ ಮಾಡಲು 1993ರ ಕಾನೂನು ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲೇ ಕೇಳುವ ವ್ಯವಸ್ಥೆ ಮಾಡಿತು. ಕೌಂಟರಿನವರು ಬಂದವರೆಲ್ಲರಿಗೂ ಒಂದೇ ಉಸಿರಿಗೆ ಈ ಪ್ರಶ್ನೆ ಕೇಳುತ್ತಾರೆ, ನಮ್ಮ ಹುಡುಗರು ಇದೂ ಒಂದು ಸರ್ಕಾರಿ ಕಟ್ಟಳೆ ಎಂದುಕೊಂಡು ಹೂಂ ಅಂದುಬಿಡುತ್ತಾರೆ. ಗ್ರೀನ್ ಕಾರ್ಡ್ ಇದ್ದವರು ಪ್ರಜೆಗಳಲ್ಲ. ತಾನು ಪ್ರಜೆ ಎಂದು ಸುಳ್ಳು ಹೇಳಿದ್ದಕ್ಕೆ 1996ರ ಕಾನೂನಿನಡಿ ಗಡೀಪಾರೂ ಆಗಬಹುದು, ಮತ ಹಾಕಿದರೆ ಜೈಲು ಶಿಕ್ಷೆಯೂ ಇದೆ.

ಮೊದಲು, ಆ ಅರ್ಜಿಯಲ್ಲಿ ‘ಅಮೆರಿಕದ ಪ್ರಜೆಯೇ?’ ಎಂಬಲ್ಲಿ ಏನು ಗುರುತು ಹಾಕಿದ್ದಾನೆ, ಎಲ್ಲಿ ಸಹಿ ಮಾಡಿದ್ದಾನೆ ನೆನಪಿಸಿಕೊಳ್ಳಲಿ. ಮತದಾರರ ಕಾರ್ಡ್ ಅಂಚೆಯಲ್ಲಿ ಬಂದಿದ್ದರೆ ಅದನ್ನು ಬಳಸಬಾರದು, ಹರಿದು ಎಸೆಯಲೂ ಬಾರದು. ವಲಸೆ ಕಾನೂನಿನ ವಕೀಲರನ್ನು ಕಂಡು, ಅವರು ಹೇಳಿದ ರೀತಿಯಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ನೋಂದಣಿ ಕಚೇರಿಗೆ ಹೆಸರು ತೆಗೆಯುವಂತೆ ಬರೆದು, ಪ್ರತಿ ಮತ್ತು ಉತ್ತರ ಎರಡನ್ನೂ ಕಾಪಿಡಲಿ. ಯಾಕೆಂದರೆ ಮುಂದೆ ಪೌರತ್ವದ ಎನ್-400 ಅರ್ಜಿಯಲ್ಲಿ ‘ಎಂದಾದರೂ ಮತಕ್ಕೆ ನೋಂದಾಯಿಸಿದ್ದಿರಾ, ಮತ ಹಾಕಿದ್ದಿರಾ?’ ಎಂದು ಕೇಳುತ್ತಾರೆ. ಆಗ ಮುಚ್ಚಿಟ್ಟರೆ ಮೊದಲಿನ ತಪ್ಪಿಗಿಂತ ಅದು ದೊಡ್ಡ ತಪ್ಪಾಗುತ್ತದೆ.

ಜ್ಯೂರಿ ಕರೆಯೋಲೆ ಬಂದರೂ ಗಾಬರಿ ಬೇಡ. ಅಪರಾಧ ಮೊಕದ್ದಮೆಯ ತೀರ್ಪನ್ನು ಸಾಮಾನ್ಯ ಜನರೇ ಕೂತು ಕೊಡುವ ಪದ್ಧತಿ ಅಲ್ಲಿ ಇನ್ನೂ ಜೀವಂತ, ಅದಕ್ಕೂ ಪ್ರಜೆಗಳೇ ಬೇಕು. ‘ಪ್ರಜೆಯಲ್ಲ’ ಎಂಬಲ್ಲಿ ಗುರುತು ಹಾಕಿ ಹೇಳಿದ ದಿನದೊಳಗೆ ವಾಪಸ್ ಕಳಿಸಬೇಕು, ಸುಮ್ಮನೆ ಬಿಸಾಡಿದರೆ ದಂಡ ಬೀಳಬಹುದು. ಗ್ರೀನ್ ಕಾರ್ಡ್ ಇದ್ದವರು ಚುನಾವಣೆಗೆ ದೇಣಿಗೆ ಕೊಡಬಹುದು, ಎಚ್1ಬಿ ವೀಸಾದಲ್ಲಿರುವ ಗೆಳೆಯರು ಒಂದು ಡಾಲರ್ ಕೊಟ್ಟರೂ ಅದು ಕಾನೂನುಬಾಹಿರ.

ಗ್ರೀನ್ ಕಾರ್ಡ್ ಬಂದು ಐದು ವರ್ಷಕ್ಕೆ (ಪ್ರಜೆಯನ್ನು ಮದುವೆಯಾಗಿ ಅವರೊಂದಿಗೇ ಇದ್ದರೆ ಮೂರಕ್ಕೆ) ಪೌರತ್ವಕ್ಕೆ ಅರ್ಜಿ ಹಾಕಬಹುದು. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಸಂವಿಧಾನ, ಇತಿಹಾಸದ 128 ಪ್ರಶ್ನೆಗಳ ಪಟ್ಟಿಯಿಂದ 20 ಕೇಳುತ್ತಾರೆ, 12 ಸರಿಯಾಗಬೇಕು. ಆಮೇಲೆ ಹಿಂದಿನ ದೇಶದ ನಿಷ್ಠೆ ಬಿಟ್ಟೆ ಎಂದು ಎಲ್ಲರ ಎದುರು ಕೈಯೆತ್ತಿ ಪ್ರಮಾಣ ಮಾಡಬೇಕು. ಅಮೆರಿಕನ್ ಆಗುವುದಕ್ಕೆ ಕುಲ, ಹುಟ್ಟೂರು ಕೇಳದೆ ಒಂದಷ್ಟು ತತ್ವ ಒಪ್ಪಿದರೆ ಸಾಕು ಎಂಬುದು ಅವರ ಹಳೆಯ ಹೆಮ್ಮೆ. ವಲಸೆಯ ಬಗ್ಗೆ ಈಗ ನಡೆದಿರುವ ಜಗಳ ಆ ಹೆಮ್ಮೆಯನ್ನೇ ಅಲುಗಿಸುತ್ತಿದೆ.

ಪ್ರಮಾಣ ಮಾಡಿದ ಗಳಿಗೆಗೆ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಮಾಡಿಸಿಕೊಳ್ಳಬೇಕು. ಒಸಿಐ ಇದ್ದವರು ಇಲ್ಲಿ ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಆದರೆ ನಿಮ್ಮ ಗದ್ದೆ ಪೌತಿ ಖಾತೆಯಿಂದ ಅವನ ಹೆಸರಿಗೆ ಬರಲು ಅಡ್ಡಿಯಿಲ್ಲ, ಮಾರುವುದಾದರೆ ಭಾರತದಲ್ಲೇ ಇರುವ ಭಾರತೀಯರಿಗೆ ಮಾತ್ರ ಮಾರಬಹುದು. ಅಲ್ಲಿಯವರೆಗೆ, ಭಾರತದ ಪಾಸ್‌ಪೋರ್ಟ್ ಇರುವಷ್ಟು ದಿನ, ಫಾರಂ 6ಎ ತುಂಬಿ ಸಿಂಧನೂರಿನ ಪಟ್ಟಿಯಲ್ಲಿ ಅನಿವಾಸಿ ಮತದಾರನಾಗಿ ಇರಬಹುದು, ಮತದಾನದ ದಿನ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಮತಗಟ್ಟೆಗೆ ಬರಬೇಕು. ಅಲ್ಲಿನ ಪ್ರಜೆಯಾದ ಮೇಲೆ ಹೆಸರು ತೆಗೆಸಲು ನಿಮ್ಮ ಬಿಎಲ್‌ಒ ಬಳಿ ಫಾರಂ 7 ಕೊಡುವುದನ್ನು ಮರೆಯಬೇಡಿ.